ಸವಾಯಿ ಗಂಧರ್ವರು: ರಂಗದ ಗಾಯಕ, ಕಂಠದ ಗುರು

ಪುಣೆಯಲ್ಲಿ ವರ್ಷವರ್ಷವೂ ಡಿಸೆಂಬರ್ ತಿಂಗಳ ಚಳಿಯಲ್ಲಿ ನಡೆಯುವ ದೊಡ್ಡ ಸಂಗೀತೋತ್ಸವದ ಹೆಸರನ್ನು ಕೇಳದ ರಸಿಕರು ಕಡಮೆ. ಆದರೆ ಆ ಉತ್ಸವ ಯಾರ ನೆನಪಿನಲ್ಲಿ ಮೊದಲಾಯಿತೋ ಅವರು ಕನ್ನಡ ನಾಡಿನ ಒಂದು ಸಣ್ಣ ಊರಿನವರೆಂಬುದನ್ನು ನಮ್ಮಲ್ಲಿ ಎಷ್ಟೋ ಜನ ಮರೆತಿದ್ದಾರೆ. ಬೆಂಗಳೂರಿನ ಯಶವಂತಪುರದಲ್ಲಿ ಹುಬ್ಬಳ್ಳಿಯ ಗಾಡಿಯನ್ನು ಹತ್ತಿದವರು ತುಮಕೂರು, ಅರಸೀಕೆರೆ, ದಾವಣಗೆರೆ, ಹಾವೇರಿಗಳನ್ನು ದಾಟಿದ ಮೇಲೆ, ಹುಬ್ಬಳ್ಳಿ ಇನ್ನು ಹತ್ತು ಹನ್ನೆರಡು ಮೈಲಿ ಇದೆಯೆನ್ನುವಾಗ ಕುಂದಗೋಳವೆಂಬ ನಿಲ್ದಾಣವನ್ನು ಹಾದು ಹೋಗುತ್ತಾರೆ. ಸುತ್ತಲೂ ಎರೆಮಣ್ಣಿನ ಹೊಲಗಳು. ಹತ್ತಿ, ಜೋಳ, ಮೆಣಸಿನಕಾಯಿಗಳ ಸೀಮೆ. ಆ ಊರಿನ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡ ರಾಮಚಂದ್ರ ಗಣೇಶ ಕುಂದಗೋಳಕರ ಎಂಬವರೇ ಮುಂದೆ ಸವಾಯಿ ಗಂಧರ್ವರೆಂದು ಪ್ರಸಿದ್ಧರಾದವರು.

ಸಂಗೀತಗಾರರ ಚರಿತ್ರೆಯನ್ನು ಬರೆಯುವಾಗ ನಾವು ಸಾಮಾನ್ಯವಾಗಿ ದೇವರು ಕೊಟ್ಟ ಕಂಠದಿಂದ ಆರಂಭಿಸುತ್ತೇವೆ. ಬಾಲ್ಯದಲ್ಲೇ ಕೋಗಿಲೆಯ ದನಿ, ಕೇಳಿದವರೆಲ್ಲ ತಲೆದೂಗಿದರು, ಎಂದು ಕಥೆ ಸಾಗುತ್ತದೆ. ಸವಾಯಿ ಗಂಧರ್ವರ ಬಾಳಿನಲ್ಲಿ ಇದಕ್ಕೆ ವಿರುದ್ಧವಾದ ಒಂದು ಸಂಗತಿ ಇದೆ. ಹುಡುಗನಾಗಿದ್ದಾಗ ಇದ್ದ ಇಂಪಾದ ದನಿಯನ್ನು ಅವರು ಹರೆಯ ಬಂದಾಗ ಕಳೆದುಕೊಂಡರು. ಅನಂತರ ಅವರು ಹಾಡಿದ್ದು ತಾವೇ ದುಡಿದು ಗಳಿಸಿಕೊಂಡ ಕಂಠದಲ್ಲಿ. ಆ ಕಂಠವನ್ನು ನಾಟಕದ ರಂಗಕ್ಕೆ ಒಯ್ದು ಹೆಸರು ಮಾಡಿದರು. ರಂಗದಿಂದ ಇಳಿದ ಮೇಲೆ ಬೇರೆಯವರ ಕಂಠಗಳನ್ನು ತಿದ್ದಿದರು. ಅವರ ನಾಟಕಗಳನ್ನು ಕಂಡವರು ಇಂದು ಯಾರೂ ಉಳಿದಿಲ್ಲ. ಅವರು ತಿದ್ದಿದ ಕಂಠಗಳು ಮಾತ್ರ ಒಂದು ಶತಮಾನದ ಹಿಂದುಸ್ತಾನಿ ಗಾಯನದ ದಿಕ್ಕನ್ನು ನಿರ್ಣಯಿಸಿದವು. ಇದು ಹೇಗಾಯಿತೆಂಬುದನ್ನು ಸ್ವಲ್ಪ ವಿಚಾರಿಸಿ ನೋಡಬೇಕು.

ಯೂರೋಪಿನವರು ಒಪೆರಾ ಎಂದು ಕರೆಯುವ ಕಲೆಗೆ ನಮ್ಮಲ್ಲಿ ತೀರ ಹತ್ತಿರವಾದದ್ದು ಸಂಗೀತನಾಟಕ. ಮರಾಠಿಯಲ್ಲಿ ಅದು ಬೆಳೆದು ಬಂದ ಬಗೆಯಲ್ಲಿ ಕನ್ನಡದ ಪಾಲು ದೊಡ್ಡದು. ೧೮೪೨ರಲ್ಲಿ ಉತ್ತರ ಕನ್ನಡದ ಕರ್ಕಿಯ ಭಾಗವತರ ಯಕ್ಷಗಾನ ಮೇಳ ಸಾಂಗ್ಲಿಗೆ ಹೋಗಿ ಅಲ್ಲಿಯ ಅರಸರ ಮುಂದೆ ಆಟವಾಡಿತು. ಅದನ್ನು ಮೆಚ್ಚಿದ ಅರಸರು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಮರಾಠಿಯಲ್ಲಿಯೂ ಇಂಥದೊಂದನ್ನು ರಚಿಸಲು ಹೇಳಿದರು. ೧೮೪೩ರಲ್ಲಿ ಭಾವೆಯವರ ಸೀತಾ ಸ್ವಯಂವರ ರಂಗವೇರಿತು. ಮರಾಠಿ ರಂಗಭೂಮಿಯ ಆರಂಭವನ್ನು ಅಲ್ಲಿಂದಲೇ ಎಣಿಸುತ್ತಾರೆ. ಅದಕ್ಕೆ ಸಂಗೀತನಾಟಕದ ಸ್ಪಷ್ಟ ರೂಪವನ್ನು ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ೧೮೮೦ರಲ್ಲಿ ಪುಣೆಯಲ್ಲಿ ಆಡಿದ ಅವರ ಶಾಕುಂತಲ, ೧೮೮೨ರಲ್ಲಿ ಬಂದ ಸೌಭದ್ರ ಇವೆರಡೂ ಮರಾಠಿಗರನ್ನು ಹುಚ್ಚೆಬ್ಬಿಸಿದವು. ಕಿರ್ಲೋಸ್ಕರರ ಹಾಡುಗಳಲ್ಲಿ ಕೀರ್ತನೆಯ ಮಟ್ಟುಗಳೂ ಕರ್ನಾಟಕದ ಕಡೆಯ ಧಾಟಿಗಳೂ ಬೆರೆತಿದ್ದುವು. ಹೀಗೆ ನಮ್ಮ ಗಡಿಯಿಂದ ಆಚೆಗೆ ಹರಿದ ನೀರು ಅಲ್ಲಿ ಕೆರೆಯಾಗಿ ತುಂಬಿ ಮತ್ತೆ ನಮ್ಮ ಕಡೆಗೇ ಹರಿಯಿತು.

ಅದು ಹರಿದು ಬಂದಾಗ ಧಾರವಾಡ, ಹುಬ್ಬಳ್ಳಿ, ಗದಗಗಳ ಜನ ಮರಾಠಿ ನಾಟಕಗಳಿಗೇ ಮಾರುಹೋದರು. ಈ ಮೋಹವನ್ನು ಕಂಡು ನೊಂದ ಶಾಂತಕವಿಗಳು ಗದಗಿನಲ್ಲಿ ಕನ್ನಡ ನಾಟಕ ಮಂಡಳಿಯನ್ನು ಕಟ್ಟಿದರು. ಆಮೇಲೆ ಶಿರಹಟ್ಟಿಯ ವೆಂಕೋಬರಾಯರು, ಗರುಡ ಸದಾಶಿವರಾಯರು, ವಾಮನರಾವ್ ಮಾಸ್ತರರು ಕಂಪೆನಿಗಳನ್ನು ನಡೆಸಿದರು. ಎಳೆಯ ಮಲ್ಲಿಕಾರ್ಜುನ ಮನ್ಸೂರರು ಬಣ್ಣ ಹಚ್ಚಿದ್ದು ಈ ವಾಮನರಾವ್ ಮಾಸ್ತರರ ಕಂಪೆನಿಯಲ್ಲಿ. ದಕ್ಷಿಣದಲ್ಲಿ ಮೈಸೂರಿನ ವರದಾಚಾರ್ಯರ ರತ್ನಾವಳಿ ಸಭೆ, ಗುಬ್ಬಿ ವೀರಣ್ಣನವರ ಕಂಪೆನಿ ಇದ್ದವು. ಎಲ್ಲ ಕಡೆಯಲ್ಲಿಯೂ ನಟನಾಗಬೇಕಾದರೆ ಮೊದಲು ಹಾಡಬಲ್ಲವನಾಗಬೇಕು. ಕನ್ನಡನಾಡಿನ ಬಡ ಹುಡುಗನೊಬ್ಬನಿಗೆ ದನಿ ಇದ್ದರೆ ಅವನ ಮುಂದೆ ಅಂದು ಎರಡು ದಾರಿಗಳಿದ್ದವು: ಅರಸರ ಆಶ್ರಯ, ಇಲ್ಲವೆ ನಾಟಕದ ಕಂಪೆನಿ. ಆಶ್ರಯ ಕೆಲವರಿಗೆ ಮಾತ್ರ, ಕಂಪೆನಿ ಹಲವರಿಗೆ.

ರಾಮಭಾವು ಹುಟ್ಟಿದ್ದು ೧೮೮೬ನೆಯ ಇಸವಿ ಜನವರಿ ೧೯ರಂದು. ಕುಂದಗೋಳ ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ತಂದೆ ಗಣೇಶರಾಯರು ಊರಿನ ನಾಡಿಗೇರ ಮನೆತನದಲ್ಲಿ ಕಾರಕೂನರು. ಆ ನಾಡಿಗೇರರ ವಾಡೆ ಬರಿಯ ಸಿರಿವಂತರ ಮನೆಯಲ್ಲ. ಸಂಗೀತಗಾರರು ಬಂದಿಳಿಯುವ ತಂಗುದಾಣವೂ ಆಗಿತ್ತು. ಹುಡುಗನನ್ನು ಓದಿಗೆಂದು ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಹೈಸ್ಕೂಲಿಗೆ ಸೇರಿಸಿದರು. ಅವನ ಮನಸ್ಸು ಪುಸ್ತಕದ ಮೇಲೆ ನಿಲ್ಲಲಿಲ್ಲ. ತಂದೆ ಅದನ್ನು ಕಂಡು ಬಳವಂತರಾವ್ ಕೊಲ್ಹಟಕರರೆಂಬ ಗಾಯಕರಲ್ಲಿ ಪಾಠಕ್ಕೆ ಬಿಟ್ಟರು. ಧ್ರುಪದ, ತರಾನೆಗಳನ್ನು, ತಾಳದ ಲೆಕ್ಕವನ್ನು ಹುಡುಗ ಕಲಿತ. ೧೮೯೮ರಲ್ಲಿ ಕೊಲ್ಹಟಕರರು ತೀರಿಕೊಂಡಾಗ ಅವನಿಗೆ ಹನ್ನೆರಡು ವರ್ಷ. ಕಾರಕೂನರ ಮಗ ಮತ್ತೊಬ್ಬ ಗುರುವನ್ನು ಹುಡುಕಿಕೊಂಡು ದೂರದ ಗ್ವಾಲಿಯರಿಗೋ ಬಡೋದೆಗೋ ಹೋಗುವಂತಿರಲಿಲ್ಲ. ಗುರುವೇ ಕುಂದಗೋಳಕ್ಕೆ ಬಂದದ್ದು ಅವನ ಭಾಗ್ಯ.

ಹಾಗೆ ಬಂದವರು ಉಸ್ತಾದ್ ಅಬ್ದುಲ್ ಕರೀಮ್ ಖಾನ್‌ಸಾಹೇಬರು. ಉತ್ತರದ ಕಿರಾಣಾ ಎಂಬ ಊರಿನಲ್ಲಿ ಹುಟ್ಟಿ, ಬಡೋದೆಯ ಆಸ್ಥಾನವನ್ನು ಬಿಟ್ಟು, ಮಿರಜವನ್ನು ಮನೆ ಮಾಡಿಕೊಂಡ ಈ ಗಾಯಕರಿಗೆ ಮೈಸೂರು ಅರಮನೆಯ ಗೌರವವೂ ದೊರೆತಿತ್ತು. ಮಿರಜದಿಂದ ಮೈಸೂರಿನ ದಾರಿಯಲ್ಲಿ ಧಾರವಾಡ, ಹುಬ್ಬಳ್ಳಿಗಳು ಅವರ ತಂಗುದಾಣಗಳಾದವು. ಕರ್ನಾಟಕ ಸಂಗೀತದ ಸ್ವರಪ್ರಸ್ತಾರವನ್ನು ಕಿವಿಗೊಟ್ಟು ಕೇಳಿ ತಮ್ಮ ಗಾಯನಕ್ಕೆ ತಂದುಕೊಂಡ ಉದಾರಿ ಅವರು. ತ್ಯಾಗರಾಜರ ಕೃತಿಯೊಂದನ್ನು ತಟ್ಟೆಯಲ್ಲಿ ಹಾಡಿದ್ದಾರೆ. ಅವರಿಂದ ಕೇಳಿದ ಠುಮರಿಯೊಂದನ್ನು ಹುಡುಗ ರಾಮಭಾವು ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಾಗ ಖಾನ್‌ಸಾಹೇಬರ ಕಿವಿಗೆ ಬಿದ್ದಿತು, ಅವರು ಯಾರ ಹುಡುಗನೆಂದು ವಿಚಾರಿಸಿದರು, ಎಂದು ಪ್ರತೀತಿ. ಶಿಷ್ಯನಾಗಿ ಸ್ವೀಕರಿಸಲು ಒಪ್ಪಿದರು. ಆದರೆ ಎಂಟು ವರ್ಷ ತಮ್ಮ ಬಳಿಯಲ್ಲಿಯೇ ಇದ್ದು ಕಲಿಯಬೇಕೆಂಬ ಕರಾರನ್ನು ಹಾಕಿದರು. ತಂದೆ ಒಪ್ಪಿದರು. ಹೀಗೆ ಕುಂದಗೋಳದ ಬ್ರಾಹ್ಮಣ ಹುಡುಗ ಮುಸಲ್ಮಾನ ಉಸ್ತಾದರ ಮನೆಯವನಾದ.

ಕಿರಾಣಾ ಗಾಯನದ ತಿರುಳು ಸ್ವರ. ತಾಳದ ಚಮತ್ಕಾರವಾಗಲಿ, ಚೀಜುಗಳ ಸಂಖ್ಯೆಯಾಗಲಿ ಅಲ್ಲಿ ಮುಖ್ಯವಲ್ಲ. ಒಂದು ಷಡ್ಜವನ್ನು ತಂಬೂರಿಯ ದನಿಯಲ್ಲಿ ಕರಗುವ ತನಕ ಹಿಡಿಯಬೇಕು. ಒಂದೊಂದು ಸ್ವರವನ್ನೂ ಅದರ ನೆರೆಯ ಸ್ವರದಿಂದ ಮೆಲ್ಲಮೆಲ್ಲನೆ ಅರಳಿಸಬೇಕು. ಖಾನ್‌ಸಾಹೇಬರ ಕಂಠ ಅದಕ್ಕೆ ಹೇಳಿಮಾಡಿಸಿದಂತಿತ್ತು: ತೆಳು, ಮಧುರ, ಎತ್ತರದ ಸ್ಥಾಯಿಯಲ್ಲಿ ಬೆಣ್ಣೆಯಂತೆ ಜಾರುವಂಥದು. ಶಿಷ್ಯನದು ಹಾಗಾಗಲಿಲ್ಲ. ಹರೆಯ ಬಂದು ದನಿ ಒಡೆದಾಗ ಅದು ಗಡುಸಾಗಿ, ಒರಟಾಗಿ, ಹೇಳಿದ ಕಡೆಗೆ ಬಾಗದಂತಾಯಿತು. ಇನ್ನೊಬ್ಬನಾಗಿದ್ದರೆ ತಂಬೂರಿಯನ್ನು ಗೋಡೆಗೆ ಒರಗಿಸಿ ಬೇರೆ ಉದ್ಯೋಗ ನೋಡುತ್ತಿದ್ದನೇನೋ. ರಾಮಭಾವು ಬಿಡಲಿಲ್ಲ. ಗಂಟೆಗಟ್ಟಲೆ ಸಾಧನೆ ಮಾಡಿ, ಮೊಂಡು ದನಿಯನ್ನು ಅಂಗುಲ ಅಂಗುಲವಾಗಿ ಬಗ್ಗಿಸಿದರು. ಆ ದುಡಿಮೆಯ ಗುರುತು ಕಡೆಯ ತನಕವೂ ಅವರ ಹಾಡಿಕೆಯಲ್ಲಿ ಉಳಿದಿತ್ತು. ಕಚೇರಿಯ ಆರಂಭದಲ್ಲಿ ಅವರ ದನಿ ಬೇಗ ಕೂಡುತ್ತಿರಲಿಲ್ಲ. ಹೊಸಬರು ಇವರೇ ಏನು ಆ ಪ್ರಸಿದ್ಧರೆಂದು ಸಂದೇಹಪಡುವಷ್ಟು ಹೊತ್ತು ಕಳೆದ ಮೇಲೆ ಕಂಠ ಕಾದು, ಸ್ವರ ಹಿಡಿದು, ಆಮೇಲೆ ಸಭೆ ಅಲುಗಾಡುತ್ತಿರಲಿಲ್ಲ.

ಇಂಥ ಸಾಧನೆಯ ಫಲವನ್ನು ಅವರು ಒಯ್ದದ್ದು ನಾಟಕದ ರಂಗಕ್ಕೆ. ಖಾನ್‌ಸಾಹೇಬರಿಗೆ ಇದು ಇಷ್ಟವಿರಲಿಲ್ಲ. ರಾಗವನ್ನು ನಿಧಾನವಾಗಿ ಅರಳಿಸಲು ಎಂಟು ವರ್ಷ ಕಲಿತವನು ಬಣ್ಣ ಹಚ್ಚಿ, ಸೀರೆ ಉಟ್ಟು, ಮೂರು ನಿಮಿಷದ ಪದ ಹಾಡಿ ಒನ್ಸ್ ಮೋರ್‌ಗೆ ಕಾಯುವುದೆಂದರೆ ಗುರುವಿನ ಮನಸ್ಸು ನೋಯದೆ ಇದ್ದೀತೆ? ಶಿಷ್ಯನ ಕಡೆಯಿಂದಲೂ ನೋಡಬೇಕು. ಕಚೇರಿಗೆ ಟಿಕೆಟು ಕೊಂಡು ಬರುವ ಪದ್ಧತಿ ಇನ್ನೂ ಬೇರೂರಿರಲಿಲ್ಲ. ಆಶ್ರಯ ಕೊಡುವ ಸಂಸ್ಥಾನಗಳು ಬೆರಳೆಣಿಕೆಯವು. ತಿಂಗಳ ಸಂಬಳ, ಊಟ, ಊರೂರಿನ ಜನರ ಪ್ರೀತಿ ಇವನ್ನು ಒಟ್ಟಿಗೆ ಕೊಡುತ್ತಿದ್ದುದು ಕಂಪೆನಿ ಒಂದೇ. ಅದೂ ಅಲ್ಲದೆ ಆ ಹೊತ್ತಿಗೆ ರಂಗಸಂಗೀತವೇ ಬದಲಾಗತೊಡಗಿತ್ತು. ೧೯೧೧ರ ಮಾನಾಪಮಾನಕ್ಕೆ ಗೋವಿಂದರಾವ್ ಟೇಂಬೆಯವರು, ೧೯೧೬ರ ಸ್ವಯಂವರಕ್ಕೆ ಭಾಸ್ಕರಬುವಾ ಬಖಲೆಯವರು ಮಟ್ಟು ಹಾಕಿದಾಗ ಖಯಾಲು, ಠುಮರಿಗಳ ಧಾಟಿಗಳು ನೇರವಾಗಿ ರಂಗವೇರಿದವು. ಬಖಲೆಬುವಾ ಕೆಲವು ಕಾಲ ನಮ್ಮ ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತ ಕಲಿಸಿದವರೇ. ಇಂಥ ಪದಗಳನ್ನು ಹಾಡಲು ಬರಿಯ ಇಂಪು ಸಾಲದು. ರಾಗಜ್ಞಾನವಿದ್ದ ಗಾಯಕರೇ ಬೇಕಾಯಿತು. ರಂಗ ಅವರನ್ನು ಕರೆಯಿತು.

ರಾಮಭಾವು ನಾಟ್ಯಕಲಾ ಪ್ರವರ್ತಕ ಮಂಡಳಿಯಲ್ಲಿ ಮುಖ್ಯ ಗಾಯಕನಟರಾದರು. ಅವರ ಹೆಸರು ಹರಡಿದ್ದು ವಿಶೇಷವಾಗಿ ಸ್ತ್ರೀಪಾತ್ರಗಳಿಂದ. ಆ ಕಾಲದ ರಂಗದ ದುಡಿಮೆ ಎಂಥದೆಂಬುದನ್ನು ಧ್ವನಿವರ್ಧಕದ ಕಾಲದಲ್ಲಿ ಇರುವ ನಾವು ಊಹಿಸಿಕೊಳ್ಳಬೇಕು. ತಗಡಿನ ಚಪ್ಪರ, ಗ್ಯಾಸ್ ಬತ್ತಿಯ ಬೆಳಕು, ಸಾವಿರ ಜನ. ಮುಂದೆ ಗಾದಿಯ ಮೇಲೆ ಕುಳಿತ ರಸಿಕನಿಗೂ ಹಿಂದೆ ನೆಲದ ಮೇಲೆ ಕುಳಿತ ರೈತನಿಗೂ ಪದದ ಒಂದೊಂದು ಅಕ್ಷರ ಕೇಳಿಸಬೇಕು. ಕೆಳಗೆ ಕಾಲಿನಿಂದ ಒತ್ತುವ ಆರ್ಗನ್ ಪೆಟ್ಟಿಗೆ, ಸಾರಂಗಿ, ತಬಲ. ರಾತ್ರಿ ಮೊದಲಾದ ಆಟ ಎಷ್ಟೋ ಸಲ ಕೋಳಿ ಕೂಗುವ ಹೊತ್ತಿಗೆ ಮುಗಿಯುತ್ತಿತ್ತು. ಯೂರೋಪಿನ ಒಪೆರಾದಲ್ಲಿಯೂ ಗಾಯಕನು ಯಂತ್ರದ ನೆರವಿಲ್ಲದೆ ಇಡೀ ರಂಗಮಂದಿರವನ್ನು ದನಿಯಿಂದ ತುಂಬಬೇಕು. ಆದರೆ ಅಲ್ಲಿ ರಚನಕಾರನು ಬರೆದಿಟ್ಟ ಸ್ವರದಿಂದ ಗಾಯಕನು ಕದಲುವಂತಿಲ್ಲ. ನಮ್ಮಲ್ಲಿ ಪದದ ಮಟ್ಟು ಬರಿಯ ಆಸರೆ. ಜನ ಮತ್ತೆ ಬೇಕೆಂದು ಕೂಗಿದಂತೆ ನಟನು ಅದನ್ನು ಬೇರೆ ಬೇರೆಯಾಗಿ ಬೆಳೆಸಿ ತೋರಿಸಬೇಕು. ಒಂದೇ ಪದ ಮೂರು ಸಲ, ನಾಲ್ಕು ಸಲ. ಅಷ್ಟರಲ್ಲಿ ಕಥೆ ಎಲ್ಲಿ ನಿಂತಿತ್ತೋ ಅಲ್ಲಿಯೇ ಕಾದು ನಿಂತಿರುತ್ತಿತ್ತು.

ಆಗ ಮಹಾರಾಷ್ಟ್ರದ ರಂಗದ ಮೇಲೆ ಬಾಲಗಂಧರ್ವರು ಸೂರ್ಯನಂತೆ ಬೆಳಗುತ್ತಿದ್ದ ಕಾಲ. ನಾರಾಯಣ ಶ್ರೀಪಾದ ರಾಜಹಂಸ ಎಂಬ ಬಾಲಕನ ಹಾಡನ್ನು ಕೇಳಿ ಲೋಕಮಾನ್ಯ ತಿಲಕರು ಕೊಟ್ಟ ಹೆಸರದು. ಅವರು ಉಟ್ಟ ಸೀರೆಯ ಬಗೆಯನ್ನು ಊರ ಹೆಂಗಸರು ಅನುಸರಿಸುತ್ತಿದ್ದರೆಂದು ಹೇಳುತ್ತಾರೆ. ಅಂಥವರ ಎದುರಿನಲ್ಲಿ ಕುಂದಗೋಳದ ರಾಮಭಾವು ನಿಲ್ಲಬೇಕಾಗಿತ್ತು. ಅವರ ಹಾಡಿಕೆಯನ್ನು ಮೆಚ್ಚಿ ಅಮರಾವತಿಯಲ್ಲಿ ದಾದಾಸಾಹೇಬ ಖಾಪರ್ಡೆಯವರು ಸವಾಯಿ ಗಂಧರ್ವರೆಂದು ಕರೆದರೆಂಬುದು ಪ್ರಸಿದ್ಧವಾಗಿದೆ. ಸವಾಯಿ ಎಂದರೆ ಒಂದೂಕಾಲು. ಒಬ್ಬ ಗಂಧರ್ವನಿಗಿಂತ ಕಾಲು ಪಾಲು ಹೆಚ್ಚು ಎಂದು ಅರ್ಥ. ಇಂಥ ಬಿರುದಿನಲ್ಲಿ ಪ್ರಶಂಸೆಯ ಜೊತೆಗೆ ಒಂದು ಅಪಾಯವೂ ಇದೆ. ಅದು ಮತ್ತೊಬ್ಬರ ಅಳತೆಗೋಲಿನಿಂದಲೇ ನಮ್ಮನ್ನು ಅಳೆಯುತ್ತದೆ. ಬಿರುದು ಎಷ್ಟು ಬಲವಾಗಿ ಅಂಟಿಕೊಂಡಿತೆಂದರೆ ತಂದೆತಾಯಿ ಇಟ್ಟ ಹೆಸರು ಹಿಂದೆ ಬಿದ್ದು ಅದೇ ಹೆಸರಾಯಿತು.

ರಂಗದಿಂದ ಅವರ ಸಂಗೀತಕ್ಕೆ ಲಾಭವಾಯಿತೋ ನಷ್ಟವಾಯಿತೋ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ರಾತ್ರಿಯ ನಿದ್ದೆ ಕೆಟ್ಟು, ಊರಿಂದೂರಿಗೆ ಅಲೆದು, ಎತ್ತರದ ಶ್ರುತಿಯಲ್ಲಿ ಸ್ತ್ರೀಕಂಠವನ್ನು ನಟಿಸಿ ಹಾಡಿದರೆ ಯಾವ ಗಂಟಲೂ ದಣಿಯುತ್ತದೆ. ರಾಗವನ್ನು ಗಂಟೆಯ ಲೆಕ್ಕದಲ್ಲಿ ವಿಸ್ತರಿಸುವ ಬಾಳಿನ ಅತ್ಯುತ್ತಮ ವರ್ಷಗಳನ್ನು ಅವರು ನಿಮಿಷದ ಲೆಕ್ಕದ ಪದಗಳಿಗೆ ಕೊಟ್ಟರೆಂಬುದೂ ನಿಜ. ಆದರೆ ರಂಗ ಅವರಿಗೆ ಕಲಿಸಿದ ಎರಡು ಪಾಠಗಳಿದ್ದವು. ಮೊದಲನೆಯದು ಮಾತಿನ ಬೆಲೆ. ಅರ್ಥವಾಗುವಂತೆ, ಭಾವ ಒಸರುವಂತೆ ಪದವನ್ನು ಉಚ್ಚರಿಸದಿದ್ದರೆ ಪ್ರೇಕ್ಷಕ ಕ್ಷಮಿಸುವುದಿಲ್ಲ. ಎರಡನೆಯದು ಮಿತಿ. ಮೂರು ನಿಮಿಷದಲ್ಲಿ ರಾಗದ ಮುಖ ತೋರಿಸಬೇಕಾದವನು ಬೇಡದ ಸ್ವರವನ್ನು ಬಳಸಲಾರ. ಈ ಎರಡು ಗುಣಗಳೂ ಅವರ ಖಯಾಲು ಗಾಯನದಲ್ಲಿ ಉಳಿದವು. ಅವರ ಪಾಠದಲ್ಲಿ ಇನ್ನೂ ಹೆಚ್ಚಾಗಿ ಉಳಿದವು. ಗುರುವಿನ ಮಾತನ್ನು ಮೀರಿ ರಂಗಕ್ಕೆ ಹೋದವನು, ಗುರು ಕಲಿಸಿದ ಸಂಗೀತವನ್ನೇ ಜನಸಾಮಾನ್ಯರ ಕಿವಿಗೆ ಮುಟ್ಟಿಸಿದ. ಶಿಷ್ಯರ ಅವಿಧೇಯತೆಯೂ ಒಮ್ಮೊಮ್ಮೆ ವಿದ್ಯೆಗೆ ಉಪಕಾರ ಮಾಡುತ್ತದೆ.

೧೯೩೧ರಲ್ಲಿ ಆಲಂ ಆರಾ ಬಂದಿತು. ಮರುವರ್ಷ ಮರಾಠಿಯ ಮೊದಲ ವಾಕ್ಚಿತ್ರ, ೧೯೩೪ರಲ್ಲಿ ಕನ್ನಡದ ಸತಿ ಸುಲೋಚನ. ಹಾಡುವ ನಟನನ್ನು ನಾಲ್ಕಾಣೆಗೆ ಪರದೆಯ ಮೇಲೆ ಕಾಣುವಂತಾದಾಗ ಕಂಪೆನಿಗಳು ಒಂದೊಂದಾಗಿ ಸಾಲದಲ್ಲಿ ಮುಳುಗಿದವು. ಗಂಡಸು ಹೆಣ್ಣುವೇಷ ಹಾಕುವ ಪದ್ಧತಿಗೂ ಕೊನೆಗಾಲ ಬಂದಿತು. ಸವಾಯಿ ಗಂಧರ್ವರು ಅಷ್ಟರಲ್ಲಿ ನಾಲ್ವತ್ತನ್ನು ದಾಟಿದ್ದರು. ರಂಗವನ್ನು ಬಿಟ್ಟು ಕಚೇರಿಗಳತ್ತ ಹೊರಳಿದರು. ಕುಂದಗೋಳಕ್ಕೆ ಮರಳಿ ನೆಲೆಸಿದರು. ಖಾನ್‌ಸಾಹೇಬರು ೧೯೩೭ರ ಅಕ್ಟೋಬರಿನಲ್ಲಿ ಮದರಾಸಿನಿಂದ ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ ಸಿಂಗಪೆರುಮಾಳ್ ಕೋಯಿಲ್ ಎಂಬ ರೈಲುನಿಲ್ದಾಣದಲ್ಲಿ ತೀರಿಕೊಂಡರು. ಮೊದಲು ಶಿಷ್ಯನಾಗಿ, ಆಮೇಲೆ ನಟನಾಗಿ ಕಾಲ ಕಳೆದವರ ಮೇಲೆ ಒಂದು ಪರಂಪರೆಯ ಹೊರೆ ಈಗ ಬಿದ್ದಿತು.

ಆ ಹೊತ್ತಿಗಾಗಲೇ ಅವರ ಮನೆಗೆ ಒಬ್ಬ ಹುಡುಗ ಬಂದು ಸೇರಿದ್ದ. ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ ಖಾನ್‌ಸಾಹೇಬರ ಒಂದು ತಟ್ಟೆಯನ್ನು ಕೇಳಿ ಹಾಡುವ ಹುಚ್ಚು ಹಿಡಿದು, ೧೯೩೩ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಮನೆ ಬಿಟ್ಟು ಓಡಿದವನು. ಗ್ವಾಲಿಯರ್ ಮೊದಲಾದ ಊರುಗಳನ್ನು ಸುತ್ತಿ ಜಲಂಧರದ ತನಕ ಹೋದಾಗ ಅಲ್ಲಿ ಕಂಡ ವಿನಾಯಕರಾವ್ ಪಟವರ್ಧನರು ನಿನ್ನ ಊರಿನ ಹತ್ತಿರವೇ ಸವಾಯಿ ಗಂಧರ್ವರಿರುವಾಗ ಇಷ್ಟು ದೂರ ಏಕೆ ಬಂದೆ ಎಂದು ಬುದ್ಧಿ ಹೇಳಿ ಕಳುಹಿಸಿದರು. ದೇಶವನ್ನೆಲ್ಲ ಅಲೆದ ಹುಡುಗನಿಗೆ ಬೇಕಾದದ್ದು ಮನೆಯಿಂದ ಅರ್ಧ ದಿನದ ದಾರಿಯಲ್ಲಿ ಇದ್ದಿತು. ೧೯೩೬ರಿಂದ ಸುಮಾರು ನಾಲ್ಕು ವರ್ಷ ಭೀಮಸೇನರು ಕುಂದಗೋಳದಲ್ಲಿ ಗುರುವಿನ ಮನೆಯಲ್ಲಿದ್ದರು. ನೀರು ಹೊತ್ತರು, ಮನೆಗೆಲಸ ಮಾಡಿದರು. ಮೊದಲು ಬಹಳ ಕಾಲ ಪಾಠವೇ ಇಲ್ಲ. ಬೇರೆಯವರಿಗೆ ಹೇಳಿಕೊಡುವುದನ್ನು ಕೇಳಿಸಿಕೊಳ್ಳುವುದೇ ಪಾಠ. ಇಂದಿನವರಿಗೆ ಇದು ಕಠೋರವೆನಿಸಬಹುದು. ಸ್ವರವನ್ನು ಹಾಡುವುದಕ್ಕಿಂತ ಮೊದಲು ಸ್ವರವನ್ನು ಕೇಳಲು ಕಲಿಯಬೇಕೆಂಬುದು ಅದರ ಒಳಗಿನ ತರ್ಕ.

ಆಮೇಲೆ ಕೊಟ್ಟ ಪಾಠದ ಕ್ರಮ ಇನ್ನೂ ವಿಚಾರಯೋಗ್ಯವಾದದ್ದು. ಭೀಮಸೇನರನ್ನು ಗುರುಗಳು ಮುಖ್ಯವಾಗಿ ತಿದ್ದಿದ್ದು ಮೂರು ರಾಗಗಳಲ್ಲಿ: ಬೆಳಗಿನ ತೋಡಿ, ಹಗಲಿಳಿಯುವಾಗಿನ ಮುಲ್ತಾನಿ, ಸಂಜೆಯ ಪೂರಿಯಾ. ಇವೇ ಏಕೆ? ಬೆಂಗಳೂರಿನ, ಮೈಸೂರಿನ ಕಿವಿಗಳಿಗೆ ಹೀಗೆ ಹೇಳಿದರೆ ತಿಳಿದೀತು. ಹಿಂದುಸ್ತಾನಿಯ ತೋಡಿ ನಮ್ಮ ಶುಭಪಂತುವರಾಳಿಯ ಸ್ವರಗಳದ್ದು; ಮುಲ್ತಾನಿಯದೂ ಅವೇ ಸ್ವರಗಳು. ಆದರೂ ಒಂದನ್ನು ಹಾಡುವಾಗ ಮತ್ತೊಂದರ ನೆರಳು ಬಿದ್ದರೆ ಎರಡೂ ಕೆಟ್ಟವು. ತೋಡಿಯಲ್ಲಿ ರಿಷಭ ಧೈವತಗಳ ಮೇಲೆ ನಿಂತು ತೂಗಬಹುದು. ಮುಲ್ತಾನಿ ಏರುವಾಗ ಅವನ್ನು ಬಿಟ್ಟು, ಇಳಿಯುವಾಗ ಮಾತ್ರ ಸವರಿಕೊಂಡು ಬರುತ್ತದೆ. ಪೂರಿಯಾದಲ್ಲಿ ಪಂಚಮವೇ ಇಲ್ಲ. ನಮ್ಮ ಹಂಸಾನಂದಿಯ ಸ್ವರಗಳೇ ಅದರವು, ಆದರೆ ಅದು ಕೆಳಗಿನ ಸ್ಥಾಯಿಯಲ್ಲಿ ಗಂಭೀರವಾಗಿ ನಡೆಯುತ್ತದೆ. ಈ ಮೂರನ್ನು ಸರಿಯಾಗಿ ಹಾಡಬಲ್ಲವನಿಗೆ ರಾಗವೆಂದರೆ ಸ್ವರಗಳ ಪಟ್ಟಿಯಲ್ಲ, ನಡಿಗೆ ಎಂಬುದು ಮೈಗೂಡಿರುತ್ತದೆ. ಕೋಮಲ ರಿಷಭ, ತೀವ್ರ ಮಧ್ಯಮಗಳ ಕೂದಲೆಳೆಯಷ್ಟು ಸೂಕ್ಷ್ಮ ಜಾಗಗಳನ್ನು ಹಿಡಿದವನಿಗೆ ಉಳಿದ ಸ್ವರಗಳು ತಾವೇ ವಶವಾಗುತ್ತವೆ. ನೂರು ರಾಗಗಳನ್ನು ಹೇಳಿಕೊಡುವ ಗುರು ಸಿಗಬಹುದು; ಮೂರರಲ್ಲಿ ನೂರನ್ನು ತೋರಿಸುವವರು ವಿರಳ.

ಮತ್ತೊಬ್ಬ ಶಿಷ್ಯೆ ಗಂಗೂಬಾಯಿ ಹಾನಗಲ್ಲರು. ಧಾರವಾಡದಲ್ಲಿ ೧೯೧೩ರಲ್ಲಿ ಹುಟ್ಟಿದ ಅವರಿಗೆ ತಾಯಿ ಅಂಬಾಬಾಯಿಯವರಿಂದ ಕರ್ನಾಟಕ ಸಂಗೀತ ಬಂದಿತ್ತು. ಕೃಷ್ಣಾಚಾರ್ಯ ಹುಲಗೂರರು, ದತ್ತೋಪಂತ ದೇಸಾಯಿಯವರು ಮೊದಲ ಗುರುಗಳು. ಸವಾಯಿ ಗಂಧರ್ವರು ಕುಂದಗೋಳದಲ್ಲಿ ನಿಂತ ಮೇಲೆ, ಮೂವತ್ತರ ದಶಕದ ಕೊನೆಯಲ್ಲಿ, ಮನೆ ಮಕ್ಕಳ ಜವಾಬ್ದಾರಿ ಹೊತ್ತ ಆ ಹೆಣ್ಣುಮಗಳು ಹುಬ್ಬಳ್ಳಿಯಿಂದ ಸಂಜೆಯ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ, ಪಾಠ ಮುಗಿಸಿ, ರಾತ್ರಿಯ ರೈಲಿನಲ್ಲಿ ಹಿಂದಿರುಗುತ್ತಿದ್ದರು. ಸುಮಾರು ಮೂರು ವರ್ಷ ಹೀಗೆ ನಡೆಯಿತು. ಭೀಮಸೇನರು ನಿಲ್ದಾಣದ ತನಕ ಜೊತೆಗೆ ನಡೆದು, ಅಂದಿನ ಪಾಠ ಏನಾಯಿತೆಂದು ದಾರಿಯಲ್ಲಿ ಕೇಳಿ ತಿಳಿಯುತ್ತಿದ್ದುದನ್ನು ಗಂಗೂಬಾಯಿಯವರು ಮುಂದೆ ನೆನೆದಿದ್ದಾರೆ. ಗುರುಗಳು ಒಂದು ಸ್ವರಗುಚ್ಛವನ್ನು ಹೇಳಿಕೊಟ್ಟರೆ ಅದು ನೆಟ್ಟಗಾಗುವ ತನಕ ಮುಂದಿನದಿಲ್ಲ. ಕೃಪಣನು ಹಣ ಬಿಚ್ಚುವಂತೆ ಸ್ವರಗಳನ್ನು ಎಣಿಸಿ ಎಣಿಸಿ ಬಿಚ್ಚಬೇಕೆಂಬುದು ಗುರುವಿನ ಉಪದೇಶವಾಗಿತ್ತೆಂದೂ ಅವರು ಹೇಳುತ್ತಿದ್ದರು. ರಂಗದ ಮೇಲೆ ಮೂರು ನಿಮಿಷದಲ್ಲಿ ರಾಗ ತೋರಿಸಿದವರ ಬಾಯಲ್ಲಿ ಈ ಮಾತು ಬಂದದ್ದು ಸಹಜ.

ಗಂಗೂಬಾಯಿಯವರ ದನಿಯ ಕಥೆ ಇಲ್ಲಿ ನೆನೆಯತಕ್ಕದ್ದು. ಎಳೆಯ ವಯಸ್ಸಿನ ಅವರ ತಟ್ಟೆಗಳಲ್ಲಿ ತೆಳುವಾದ, ಎತ್ತರದ ಹೆಣ್ಣುದನಿ ಇದೆ. ಆಮೇಲೆ ಗಂಟಲಿನ ತೊಂದರೆಗೆ ಚಿಕಿತ್ಸೆಯಾಗಿ ಅದು ದಪ್ಪವಾಗಿ, ಗಂಡಸಿನ ದನಿಯಂತೆ ಗಂಭೀರವಾಯಿತು. ಹರೆಯದಲ್ಲಿ ದನಿ ಕಳೆದುಕೊಂಡು ಹೊಸ ದನಿಯನ್ನು ಕಟ್ಟಿಕೊಂಡ ಗುರುವಿನ ಶಿಷ್ಯೆಗೆ ಅದು ಸೋಲಾಗಲಿಲ್ಲ. ಅದೇ ಅವರ ಗುರುತಾಯಿತು. ಮುಂಬಯಿಯ ಫಿರೋಜ್ ದಸ್ತೂರರು ಪಾರ್ಸಿಯವರು. ೧೯೩೩ರ ಲಾಲ್-ಎ-ಯಮನ್ ಎಂಬ ವಾಕ್ಚಿತ್ರದಲ್ಲಿ ಹುಡುಗನಾಗಿ ಹಾಡಿದವರು. ಅವರ ಮೃದುವಾದ ಕಂಠದಲ್ಲಿ ಖಾನ್‌ಸಾಹೇಬರ ನೆರಳೇ ಕಾಣುತ್ತಿತ್ತು. ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಅವರೂ ಸವಾಯಿ ಗಂಧರ್ವರಿಂದ ಕಲಿತರು. ಭೀಮಸೇನರದು ಮೂರು ಸ್ಥಾಯಿಗಳನ್ನು ತುಂಬುವ ಸಿಂಹಕಂಠ. ಈ ನಾಲ್ವರನ್ನು ಒಟ್ಟಿಗೆ ಕೇಳಿದರೆ ಒಂದು ದನಿ ಮತ್ತೊಂದನ್ನು ಹೋಲುವುದಿಲ್ಲ. ಗುರುವಿನ ಕೆಮ್ಮನ್ನೂ ಅನುಕರಿಸುವ ಶಿಷ್ಯರ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ತಮ್ಮ ಗುರುವಿನ ಮಧುರ ಕಂಠವನ್ನು ಅನುಕರಿಸಲಾರದೆ, ಆ ಸಂಗೀತವನ್ನೇ ತಮ್ಮ ಒರಟು ಕಂಠಕ್ಕೆ ಒಗ್ಗಿಸಿಕೊಂಡ ಅನುಭವ ಅವರಿಗಿತ್ತು. ಆದುದರಿಂದಲೇ ಅವರು ಶಿಷ್ಯರಿಗೆ ತಮ್ಮ ಕಂಠವನ್ನು ಕೊಡಲಿಲ್ಲ. ಅವರವರ ಕಂಠಕ್ಕೆ ಸ್ವರವನ್ನು ಕೊಟ್ಟರು.

ಇನ್ನೊಂದನ್ನೂ ಗಮನಿಸಬೇಕು. ಮುಸಲ್ಮಾನ ಉಸ್ತಾದರಿಂದ ಬ್ರಾಹ್ಮಣ ಶಿಷ್ಯನಿಗೆ. ಆ ಬ್ರಾಹ್ಮಣನಿಂದ ಗಾಯನವನ್ನೇ ವೃತ್ತಿಯಾಗಿ ಉಳ್ಳ ಮನೆತನದ ಹೆಣ್ಣುಮಗಳಿಗೆ, ಪಾರ್ಸಿಗೆ, ವೀರಶೈವ ಗವಾಯಿಗಳ ಮಠದಿಂದ ಬಂದ ಹುಡುಗನಿಗೆ ಈ ವಿದ್ಯೆ ಹರಿಯಿತು. ಕೇರಿಕೇರಿಗೂ ಬೇರೆ ಬಾವಿ ಇದ್ದ ಕಾಲವದು. ಗಂಗೂಬಾಯಿಯವರು ಎಳವೆಯಲ್ಲಿ ಪಟ್ಟ ಅವಮಾನಗಳನ್ನು ತಾವೇ ಹೇಳಿಕೊಂಡಿದ್ದಾರೆ. ಅಂಥ ಕಾಲದಲ್ಲಿ ಕುಂದಗೋಳದ ಪಾಠದ ಜಮಖಾನೆಯ ಮೇಲೆ ಕುಲವನ್ನು ಕೇಳಲಿಲ್ಲ, ಸ್ವರವನ್ನು ಕೇಳಿದರು.

ನಾಲ್ವತ್ತರ ದಶಕದ ಆರಂಭದಲ್ಲಿ ಸವಾಯಿ ಗಂಧರ್ವರಿಗೆ ಪಾರ್ಶ್ವವಾಯು ತಗುಲಿತು. ಅಷ್ಟು ದುಡಿದು ಗಳಿಸಿದ ಕಂಠ ಎರಡನೆಯ ಸಲ ಕೈಬಿಟ್ಟಿತು. ಈ ಸಲ ಸಾಧನೆಯಿಂದ ಅದನ್ನು ಮರಳಿ ತರುವಂತಿರಲಿಲ್ಲ. ಕಚೇರಿ ನಿಂತಿತು. ೧೯೪೬ರ ಜನವರಿಯಲ್ಲಿ ಪುಣೆಯಲ್ಲಿ ಅವರ ಷಷ್ಟ್ಯಬ್ದಿ ಸಮಾರಂಭ ನಡೆಯಿತು. ಅಂದು ಭೀಮಸೇನರು ಹಾಡಿದ ಹಾಡು ಅವರ ಕೀರ್ತಿಗೆ ಬಾಗಿಲು ತೆರೆಯಿತು. ತಾನು ಹಾಡಲಾರದ ಗುರು ಎದುರಿಗೆ ಕುಳಿತು ಶಿಷ್ಯನ ಕಂಠದಲ್ಲಿ ತನ್ನ ವಿದ್ಯೆಯನ್ನು ಕೇಳಿದರು. ೧೯೫೨ನೆಯ ಇಸವಿ ಸೆಪ್ಟೆಂಬರ್ ೧೨ರಂದು ಪುಣೆಯಲ್ಲಿ ಅವರು ತೀರಿಕೊಂಡರು. ಮರುವರ್ಷದಿಂದ ಭೀಮಸೇನರ ಮುಂದಾಳುತನದಲ್ಲಿ ಅವರ ಸ್ಮರಣೆಯ ಉತ್ಸವ ಆರಂಭವಾಯಿತು. ೨೦೧೧ರಲ್ಲಿ ಭೀಮಸೇನರು ತೀರಿಕೊಂಡ ಮೇಲೆ ಅದಕ್ಕೆ ಶಿಷ್ಯನ ಹೆ‌ಸರನ್ನೂ ಸೇರಿಸಿದ್ದಾರೆ. ಕುಂದಗೋಳದ ನಾಡಿಗೇರ ವಾಡೆಯಲ್ಲಿಯೂ ಅವರ ನೆನಪಿನ ಸಂಗೀತ ನಡೆದು ಬಂದಿದೆ. ಅಲ್ಲಿ ಹಾಡುವುದನ್ನು ದೊಡ್ಡ ಗಾಯಕರು ಸೇವೆಯೆಂದು ಭಾವಿಸಿದ್ದಾರೆ.

ಸವಾಯಿ ಗಂಧರ್ವರ ಕಂಠವೆಂದು ಇಂದು ನಮಗೆ ಉಳಿದಿರುವುದು ಕೆಲವೇ ಹಳೆಯ ತಟ್ಟೆಗಳು. ಒಂದೊಂದು ಮುಖ ಮೂರು ನಿಮಿಷದ್ದು. ಕಾದ ಮೇಲೆಯೇ ಕೂಡುವ ಕಂಠಕ್ಕೆ ಮೂರು ನಿಮಿಷ ಎಷ್ಟು ಸಾಕು? ತಟ್ಟೆಗಳಿಂದ ಅವರನ್ನು ಅಳೆಯುವುದು ಬೊಗಸೆಯ ನೀರಿನಿಂದ ತುಂಗಭದ್ರೆಯನ್ನು ಅಳೆದಂತೆ. ಶಿಷ್ಯರ ಬಾಳಿನ ಉದ್ದದಿಂದಲೇ ಅಳೆಯಬೇಕು. ಗಂಗೂಬಾಯಿಯವರು ೨೦೦೯ರ ತನಕ ಬಾಳಿದರು. ಭೀಮಸೇನರಿಗೆ ಭಾರತರತ್ನ ಸಂದಿತು.

ಒಂದು ಕಾಲಕ್ಕೆ ಹಿಂದುಸ್ತಾನಿ ಸಂಗೀತವೆಂದರೆ ಹಳೆ ಮೈಸೂರಿನವರಿಗೆ ಪರದೇಶದ ವಸ್ತುವಾಗಿತ್ತು. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಕಡೆ ಧಾರವಾಡ ಸೀಮೆಯ ಕುಟುಂಬಗಳು ಉದ್ಯೋಗಕ್ಕಾಗಿ ಬಂದು ನೆಲೆಸಿದ ಮೇಲೆ, ಭೀಮಸೇನರ ದಾಸವಾಣಿ ಮನೆಮನೆಯ ಬೆಳಗಿನ ದನಿಯಾದ ಮೇಲೆ, ಆ ದೂರ ಬಹಳವಾಗಿ ಕರಗಿತು. ಪುರಂದರದಾಸರ ಕನ್ನಡ ಪದವನ್ನು ಕಿರಾಣಾದ ಸ್ವರದಲ್ಲಿ ಕೇಳುವಾಗ ಅದರ ಹಿಂದೆ ಕುಂದಗೋಳದ ಮೂರು ರಾಗಗಳ ಪಾಠವಿದೆಯೆಂಬುದನ್ನು ನೆನೆಯುವವರು ಎಷ್ಟು ಜನ? ಸವಾಯಿ ಗಂಧರ್ವರು ಮರಾಠಿಯಲ್ಲಿ ನಟಿಸಿದರು, ಹಿಂದಿಯ ಚೀಜುಗಳನ್ನು ಹಾಡಿದರು. ಹೀಗಿದ್ದೂ ಪಾಠ ಹೇಳಲು ಅವರು ಆರಿಸಿಕೊಂಡ ಜಾಗ ತಾವು ಹುಟ್ಟಿದ ಊರು. ಅವರನ್ನು ಮಹಾರಾಷ್ಟ್ರದವರು ತಮ್ಮವರೆಂದರೆ ಆಕ್ಷೇಪಿಸಬೇಕಾಗಿಲ್ಲ. ಅವರು ಗೌರವಿಸಿದ್ದಾರೆ, ಆ ಅಧಿಕಾರ ಅವರಿಗಿದೆ. ನಾವು ಗೌರವಿಸದೆ ನಮ್ಮವರೆನ್ನುವುದು ಮಾತ್ರ ಸಲ್ಲದು.

ಹುಟ್ಟಿನಿಂದ ಬಂದ ಕಂಠ ಒಬ್ಬನ ಆಯುಸ್ಸಿನೊಡನೆ ಮುಗಿಯುತ್ತದೆ. ಹೇಗೆ ದುಡಿದರೆ ಕಂಠ ಬರುತ್ತದೆಂಬ ತಿಳಿವಳಿಕೆ ಮತ್ತೊಬ್ಬರಿಗೆ ದಾಟುತ್ತದೆ. ಸವಾಯಿ ಗಂಧರ್ವರಿಗೆ ದೈವ ಮೊದಲನೆಯದನ್ನು ಕೊಟ್ಟು ಕಿತ್ತುಕೊಂಡಿತು. ಎರಡನೆಯದನ್ನು ಅವರು ತಾವೇ ಗಳಿಸಿ ಹಂಚಿದರು. ಅವರ ಬಿರುದಿನಲ್ಲಿರುವ ಆ ಹೆಚ್ಚಿನ ಕಾಲು ಪಾಲು ಇದೇ ಎಂದು ತಿಳಿದರೆ ತಪ್ಪಾಗಲಾರದು.